ಮರಾಠಿಯಲ್ಲಿ ಮಾಡಿದ ಉಪಚಾರ

ಕನ್ನಡ-ಮರಾಠಿ ಗಡಿ ಗಲಾಟೆಯ ಆ ವರ್ಷ ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಎಂಬತ್ತರ ದಶಕ. ಅನಗೋಳದ ನಮ್ಮ ಓಣಿಯಲ್ಲಿ ಪಕ್ಕದ ಮನೆಯವಳ ಗಂಡ ಹಾಲು ತರಲು ಹೋದವನು ತಲೆಗೆ ಕಲ್ಲು ಬಿದ್ದು ಸತ್ತ. ಫೌಂಡ್ರಿಯಲ್ಲಿ ಕೆಲಸಕ್ಕಿದ್ದ ಮನುಷ್ಯ, ಯಾರ ತಂಟೆಗೂ ಹೋದವನಲ್ಲ. ಅವರ ಮನೆಮಾತು ಮರಾಠಿ. ಒಂದು ಕಡೆಯ ಪುಢಾರಿಗಳು ಅವನನ್ನು ಹುತಾತ್ಮ ಅಂದರು, ಇನ್ನೊಂದು ಕಡೆಯವರು ಮನೆಯಲ್ಲಿ ಬಿದ್ದಿರಬೇಕಿತ್ತು ಅಂದರು. ಪಾಪ, ಹಾಲಿಗೆ ಹೋಗಿದ್ದ ಎಂಬ ಮಾತು ಒಬ್ಬನ ಬಾಯಿಂದಲೂ ಬರಲಿಲ್ಲ. ಇವರ ಬಾಯಿಗೆ ಮಣ್ಣು ಹಾಕ!

ನಾವೇನು ಕಡಿಮೆ? ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರೇ ಊಟ ಒಯ್ಯಬೇಕು. ಒಯ್ದೆವು. ಆದರೆ ಹತ್ತು ವರ್ಷ ಅವಳೊಡನೆ ಕನ್ನಡದಲ್ಲೇ ನಕ್ಕು, ಕನ್ನಡದಲ್ಲೇ ನಳದ ನೀರಿಗೆ ಜಗಳಾಡಿದ ನಾವು, ಈಗ ಕನ್ನಡ ಕೇಳಿದರೆ ಅವಳಿಗೆ ನೋವಾದೀತೆಂದು ನಾವೇ ಮಾತಾಡಿಕೊಂಡು ಮರಾಠಿಯಲ್ಲಿ ಉಪಚಾರ ಮಾಡಿದೆವು. ಎಂಥ ಶಾಣ್ಯಾತನ! ಅವಳು ದಿನದಿನಕ್ಕೆ ಮಾತು ಬಿಟ್ಟಳು, ಬಾಗಿಲು ಹಾಕಿಕೊಂಡಳು. ಖಾನಾಪುರದ ತವರಿಗೆ ಹೊರಟುಬಿಡುತ್ತಾಳಂತೆ ಎಂದು ಸುದ್ದಿಯಾಯಿತು.

ಒಂದು ಮಧ್ಯಾಹ್ನ ನಾನೂ ಮೂಲೆಮನೆಯ ಅಜ್ಜಿಯೂ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದೆವು. ಅವಳು ಹೊರಗೆ ಬಂದಳು. ನಾನು ಮತ್ತೆ ಮರಾಠಿಯಲ್ಲಿ ಊಟವಾಯಿತೇ ಎಂದು ಕೇಳಿದೆ. ಅಷ್ಟೇ ಸಾಕಾಯಿತು.

“ಹತ್ತ ವರ್ಷ ಜಗಳಾಡಿದವರು ಈಗೇನ ಬೀಗರ ಜೋಡಿ ಮಾತಾಡಿದಂಗ ಮಾತಾಡ್ತೀರಿ? ನನ್ನ ಗಂಡ ಸತ್ತಾನವ್ವಾ, ನಾ ನಿಮಗ ಪರಕಿ ಆಗೀನೇನು?”

ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಅಜ್ಜಿ ಮಾತ್ರ ಅಕ್ಕಿಯ ಮೊರವನ್ನು ಬದಿಗೆ ಸರಿಸಿ, “ಕುಂದರ ಬಾ. ಅವತ್ತ ಏನಾತು ಹೇಳು” ಅಂದಳು.

ಹೇಳಿದಳು. ಮರುದಿನವೂ ಅದನ್ನೇ ಹೇಳಿದಳು, ಆಮೇಲೆ ಎಷ್ಟೋ ದಿನ. ಹಾಲಿನ ಗಿಂಡಿ, ಒಂದೇ ಚಪ್ಪಲಿ, ದವಾಖಾನೆಯಲ್ಲಿ ಕಾದು ಕೂತ ಬಾಂಕು. ಮರೆತುಬಿಡು ಅನ್ನಲು ನನ್ನ ನಾಲಿಗೆ ತುರಿಸುತ್ತಿತ್ತು. ಅಜ್ಜಿ ನನ್ನತ್ತ ಕಣ್ಣು ಬಿಟ್ಟರೆ ಕೈಯ ಕೆಲಸಕ್ಕೆ ಮರಳುತ್ತಿದ್ದೆ. ಕ್ರಮೇಣ ಓಣಿಯ ಉಳಿದ ಹೆಂಗಸರೂ ಬಂದು ಕೂತರು. ಆ ದಿನ ಹೊರಗೆ ಕೂಗು ಕೇಳಿದರೂ ಬಾಗಿಲ ಅಗಳಿ ತೆಗೆಯಲಿಲ್ಲ ಎಂದು ನಾನೂ ಒಪ್ಪಿಕೊಂಡೆ. ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದೊಂದು ದಿನ ಅವಳ ಅಣ್ಣ ಖಾನಾಪುರದಿಂದ ಟೆಂಪೋ ತಗೊಂಡೇ ಬಂದ. ಇಲ್ಲಿ ನಿನಗೆ ಯಾರಿದ್ದಾರೆ, ನಾಳೆ ಮತ್ತೆ ಗಲಾಟೆಯಾದರೆ ಏನು ಮಾಡುತ್ತಿ ಎಂದು ಮರಾಠಿಯಲ್ಲಿ ರೇಗಿದ. ಮತ್ತೆ ಆಗುವುದಿಲ್ಲ ಎಂದು ನಾವು ಯಾವ ಮುಖ ಹೊತ್ತು ಹೇಳುವುದು?

ಅವಳು ಅಣ್ಣನಿಗೆ ಕನ್ನಡದಲ್ಲೇ ಉತ್ತರ ಕೊಟ್ಟಳು, ನಮಗೂ ಕೇಳಲೆಂದು.

“ಆದ್ರ ಆಗ್ಲಿ. ಅವತ್ತ ಇವರ ಮನ್ಯಾಗ ಸಾವಾದ್ರ ಹೋಗಿ ಕುಂದರಾಕ ಯಾರರ ಬೇಕಲ್ಲೋ ಅಣ್ಣಾ.”