ಬೆರಳಿಗೆ ಸಿಗುವ ಬೆಕ್ಕು

ಬೀದಿದೀಪಗಳು ಇನ್ನೂ ಆರಿಲ್ಲ. ಅಂಗಡಿ ಸಾಲಿನ ಶಟರುಗಳೆಲ್ಲ ಕೆಳಗಿಳಿದಿವೆ. ಬೀಗ ರಿಪೇರಿ ಅಂಗಡಿಯ ಎದುರು ಒಂದು ಏಣಿ, ಏಣಿಯ ಆರನೇ ಮೆಟ್ಟಿಲ ಮೇಲೆ ಒಬ್ಬಳು ಹುಡುಗಿ. ಎಡಗೈಯಲ್ಲಿ ಬಣ್ಣದ ಡಬ್ಬಿ, ಬಲಗೈಯಲ್ಲಿ ಚಪ್ಪಟೆ ಬ್ರಷ್ಷು, ಬಾಯಲ್ಲಿ ಕಚ್ಚಿಕೊಂಡಿರುವುದು ಇನ್ನೊಂದು ಸಣ್ಣ ಬ್ರಷ್ಷು. ಸೀಮೆಸುಣ್ಣದಲ್ಲಿ ಎಳೆದ ಎರಡು ಗೆರೆಗಳ ನಡುವೆ ಕೆಂಪು ಅಕ್ಷರಗಳು ಒಂದೊಂದಾಗಿ ಮೈ ತುಂಬಿಕೊಳ್ಳುತ್ತಿವೆ. ಒಂದು ಅಕ್ಷರದ ಹೊಟ್ಟೆ ಮುಗಿಸಿದ ಮೇಲೆ ಆಕೆ ಕತ್ತು ಹಿಂದಕ್ಕೆ ವಾಲಿಸಿ, ಒಂದು ಕಣ್ಣು ಮುಚ್ಚಿ ಅಳತೆ ನೋಡುತ್ತಾಳೆ. ಇನ್ನೊಂದು ಕಣ್ಣೂ ಜೊತೆಗೇ ಮುಚ್ಚಿಕೊಂಡುಬಿಡುತ್ತದೆ. ಒಂದು ಕ್ಷಣ ಅಷ್ಟೇ. ಕಣ್ಣುಜ್ಜಿಕೊಂಡು ಮುಂದಿನ ಅಕ್ಷರಕ್ಕೆ ಕೈ ಹಾಕುತ್ತಾಳೆ.

ಅಂಗಡಿಯ ಯಜಮಾನ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಾ ಬರುತ್ತಾರೆ.

“ಆಯ್ತೇನಮ್ಮಾ?”

“ಇನ್ನೆರಡು ಅಕ್ಷರ ಇದೆ ಯಜಮಾನ್ರೇ. ಶಟರ್ ಮೆಲ್ಲಗೆ ಎತ್ತಿ, ಏಣಿ ಅಲ್ಲಾಡುತ್ತೆ.”

“ನಿದ್ದೆ ಮಾಡಿದ್ಯಾ?”

“ಬಸ್ಸಲ್ಲಿ ಮಾಡ್ತೀನಿ.”

ಪಕ್ಕದ ಕ್ಷೌರದಂಗಡಿಯ ಬೋರ್ಡಿನಲ್ಲಿ ಕೊನೆಯ ಅಕ್ಷರಕ್ಕೆ ಬೇಡದ ಒಂದು ಬಾಲ ಇದೆ. ಅದೂ ಇವಳದೇ ಕೈಕೆಲಸ. ಬ್ರಷ್ಷು ಬೋರ್ಡಿನ ಮೇಲಿದ್ದಂತೆಯೇ ತೂಕಡಿಕೆ ಬಂದು ಕೈ ಕೆಳಕ್ಕೆ ಜಾರಿತ್ತು. ಅಳಿಸಿ ಬರೆಯುತ್ತೇನೆಂದು ಬೇಡಿಕೊಂಡರೂ ಕ್ಷೌರಿಕ ಒಪ್ಪಲಿಲ್ಲ. “ಇರ್ಲಿ ಬಿಡು. ಕೂದಲಿನ ಅಂಗಡಿ ತಾನೇ, ಒಂದೆಳೆ ಜಾಸ್ತಿ ಇದ್ರೆ ಏನೂ ಆಗಲ್ಲ” ಎಂದರಂತೆ. ಅವಳು ಇದನ್ನು ನಗುತ್ತಲೇ ಹೇಳುತ್ತಾಳೆ. ಹೇಳಿದ ಮೇಲೆ ಏಣಿಯ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ.

ವಯಸ್ಸು ಇಪ್ಪತ್ತೆರಡು. ಹೆಗಲ ಮೇಲೆ ಏಣಿ ಹೊತ್ತು ತಿರುಗುವುದರಿಂದ ಈ ಭಾಗದ ಮಕ್ಕಳಿಗೆಲ್ಲ ಆಕೆ ‘ಏಣಿ ಅಕ್ಕ’. ಬೆಳಗ್ಗೆ ಐದರಿಂದ ಎಂಟೂವರೆಯವರೆಗೆ ಬೋರ್ಡು ಬರೆಯುವ ಕೆಲಸ. ಕೈ ಸರಾಗವಾಗಿದ್ದ ದಿನ ಅರವತ್ತು ಅಕ್ಷರ, ಇಲ್ಲದ ದಿನ ನಲವತ್ತು. ಏಣಿಯನ್ನು ಬೀಗದಂಗಡಿಯ ಹಿಂದೆ ಒರಗಿಸಿ, ಸೀಮೆಎಣ್ಣೆಯಲ್ಲಿ ಕೈ ತೊಳೆದು, ಒಂಬತ್ತರ ಬಸ್ಸು ಹಿಡಿದರೆ ಹತ್ತಕ್ಕೆ ಚಿತ್ರಕಲಾ ಕಾಲೇಜು. ಅಲ್ಲಿ ಕೊನೆಯ ವರ್ಷದ ವಿದ್ಯಾರ್ಥಿನಿ. ಮೂರಕ್ಕೆ ತರಗತಿ ಬಿಟ್ಟರೆ ಮತ್ತೆ ಬಸ್ಸು. ಆಮೇಲೆ ಮನೆಯ ಮುಂದಿನ ಕೋಣೆಯಲ್ಲಿ, ಅಮ್ಮನ ಹೊಲಿಗೆ ಮಿಷನ್ನಿನ ಪಕ್ಕದ ಮೇಜಿನ ಮೇಲೆ, ಮೂರನೆಯ ಕೆಲಸ ಶುರುವಾಗುತ್ತದೆ. ಕಣ್ಣು ಕಾಣದ ಮಕ್ಕಳಿಗಾಗಿ ಆಕೆ ಚಿತ್ರಪುಸ್ತಕ ಮಾಡುತ್ತಾಳೆ. ಬೆರಳಿನಿಂದ ಮುಟ್ಟಿ ನೋಡುವ ಚಿತ್ರಗಳು.

ಬೋರ್ಡಿನ ಕೆಲಸ ಕಲಿಸಿದವರು ಸೋದರಮಾವ. ಮೂವತ್ತು ವರ್ಷ ಇದೇ ಬೀದಿಗಳಲ್ಲಿ ಬರೆದವರು. ಅಪ್ಪ ಇಲ್ಲದ ಮನೆಯಲ್ಲಿ ಅಮ್ಮನ ಹೊಲಿಗೆ, ಮಾವನ ಬ್ರಷ್ಷು ಎರಡೂ ಸೇರಿ ಸಂಸಾರ ನಡೆಯುತ್ತಿತ್ತು. ಅವಳಿಗೆ ಹದಿನಾರು ತುಂಬುವ ಹೊತ್ತಿಗೆ ಸಕ್ಕರೆ ಕಾಯಿಲೆ ಮಾವನ ಕಣ್ಣಿಗಿಳಿದಿತ್ತು. ಅವರು ಯಾರಿಗೂ ಹೇಳಲಿಲ್ಲ. ಮೊದಮೊದಲು ಅಕ್ಷರಗಳ ನಡುವಿನ ಜಾಗ ಹೆಚ್ಚುಕಡಿಮೆಯಾಯಿತು. ಒಂದು ದಿನ ಔಷಧದಂಗಡಿಯ ಬೋರ್ಡಿನಲ್ಲಿ ಒಂದು ಅಕ್ಷರದ ಮೇಲೆಯೇ ಇನ್ನೊಂದನ್ನು ಬರೆದು ಮನೆಗೆ ಬಂದರು. ಅಂಗಡಿಯವರು ಅವರೆದುರು ತುಟಿ ಬಿಚ್ಚಲಿಲ್ಲ, ಗುಟ್ಟಾಗಿ ಸೋದರಸೊಸೆಗೆ ಹೇಳಿಕಳಿಸಿದರು. ಅವಳು ಮಾರನೆಯ ದಿನ ನಸುಕಿನಲ್ಲೇ ಹೋಗಿ, ಕೆರೆದು, ತಿದ್ದಿ ಬಂದಳು.

“ಮಾವನಿಗೆ ಗೊತ್ತಾಗಬಾರ್ದು ಅಂತಿದ್ದೆ. ಅವರು ಒಂದು ವಾರ ಬಿಟ್ಟು ಆ ಅಂಗಡಿಗೆ ಮಾತ್ರೆ ತರಕ್ಕೆ ಹೋದ್ರು. ಬೋರ್ಡು ಕೆಳಗೇ ಇತ್ತು, ಕೈಗೆಟುಕೋ ಹಾಗೆ. ಸುಮ್ನೆ ಕೈಯಾಡಿಸಿದ್ದಾರೆ. ಬಣ್ಣ ಒಣಗಿದ ಮೇಲೆ ಅಂಚು ಸ್ವಲ್ಪ ಉಬ್ಬಿರುತ್ತಲ್ಲ, ಅದು ಬೆರಳಿಗೆ ಸಿಗುತ್ತೆ. ಮನೆಗೆ ಬಂದು ‘ಅದು ನನ್ನ ಗೆರೆ ಅಲ್ಲ ಪುಟ್ಟಿ’ ಅಂದ್ರು. ಅಷ್ಟೇ. ಊಟ ಮಾಡಿ, ಬ್ರಷ್ಷುಗಳನ್ನೆಲ್ಲ ತೊಳೆದು, ಒರೆಸಿ, ನನ್ನ ಮುಂದೆ ಇಟ್ರು.”

ಅಂದಿನಿಂದ ಏಣಿ ಅವಳ ಹೆಗಲಿಗೆ ಬಂದಿದೆ. ಓದು ನಿಲ್ಲಿಸುವ ಮಾತು ಬಂದಾಗ ಅಮ್ಮ ಕತ್ತರಿ ಕೆಳಗಿಟ್ಟು, “ನನ್ನ ಹಾಗೆ ಇನ್ನೊಬ್ಬರ ಬಟ್ಟೆ ಹೊಲೀತಾ ಕೂತ್ಕೋಬೇಕಾ ನೀನು? ಪರೀಕ್ಷೆ ಕಟ್ಟು” ಎಂದಳು. ಆ ಮಾತಿಗೆ ಮನೆಯಲ್ಲಿ ಮೇಲ್ಮನವಿ ಇಲ್ಲ.

ಪುಸ್ತಕದ ಹುಚ್ಚು ಹಿಡಿದದ್ದು ಕಾಲೇಜಿನ ಎರಡನೆಯ ವರ್ಷದಲ್ಲಿ. ಮಕ್ಕಳ ಚಿತ್ರಪುಸ್ತಕವೊಂದನ್ನು ಮಾಡಿ ತರಬೇಕೆಂದು ಮೇಷ್ಟ್ರು ಹೇಳಿದ್ದರು. ಅವಳದಕ್ಕೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಹಿಗ್ಗಿನಿಂದ ಮನೆಗೆ ತಂದು ಮಾವನ ತೊಡೆಯ ಮೇಲಿಟ್ಟಳು. ಅಷ್ಟು ಹೊತ್ತಿಗೆ ಅವರ ಕಣ್ಣು ಬೆಳಕು, ಕತ್ತಲೆ ಎರಡನ್ನು ಬಿಟ್ಟು ಬೇರೇನನ್ನೂ ಗುರುತಿಸುತ್ತಿರಲಿಲ್ಲ. ಅವರು ಒಂದೊಂದೇ ಪುಟವನ್ನು ಅಂಗೈಯಿಂದ ಸವರಿದರು. ಕೊನೆಯ ಪುಟ ಮುಗಿಸಿ, “ಪೇಪರ್ರು ಚೆನ್ನಾಗಿದೆ. ಆದ್ರೆ ಎಲ್ಲ ಪುಟಾನೂ ಒಂದೇ ಥರ ಇದೆಯಲ್ಲೇ” ಎಂದರು.

ಆ ವಾರವೇ ಅವಳು ಮರಳು, ಹುರಿ, ಗುಂಡಿ, ಉಣ್ಣೆ, ಹಳೆಯ ಬಟ್ಟೆಯ ಚೂರುಗಳನ್ನು ಗುಡ್ಡೆ ಹಾಕಿಕೊಂಡಳು. ರಟ್ಟಿನ ಮೇಲೆ ಅಂಟಿಸಿ ಮರ, ಮನೆ, ಬೆಕ್ಕು ಮಾಡಿದಳು. ಬಸ್ಸಿನ ದಾರಿಯಲ್ಲೇ ಇದ್ದ ಅಂಧ ಮಕ್ಕಳ ಶಾಲೆಗೆ ಹೊತ್ತುಕೊಂಡು ಹೋದಳು. ಅಂದು ಅದೇ ಬೀದಿಯಲ್ಲಿ ಬೋರ್ಡಿನ ಕೆಲಸವೂ ಇದ್ದುದರಿಂದ ಹೆಗಲ ಮೇಲೆ ಹೊತ್ತಿದ್ದ ಏಣಿ ಶಾಲೆಯ ಗೇಟಿಗೆ ಬಡಿದು ಠಣ್ಣೆಂದ ಸದ್ದಿಗೆ ಮಕ್ಕಳೆಲ್ಲ ಜಗಲಿಗೆ ಬಂದರು.

ಎಂಟು ವರ್ಷದ ಒಬ್ಬಳು ಹುಡುಗಿ ಮರದ ಚಿತ್ರದ ಮೇಲೆ ಬೆರಳಾಡಿಸಿ, “ಬಾಚಣಿಗೆ” ಎಂದಳು. ಬೆಕ್ಕಿನ ಮೇಲೆ ಎರಡು ಸಲ ಕೈಯಾಡಿಸಿ ಕೇಳಿದಳು, “ಇದಕ್ಕೆ ಎರಡೇ ಕಾಲಾ ಅಕ್ಕ? ಪಾಪ, ಬಸ್ಸಿಗೆ ಸಿಕ್ಕಿತ್ತಾ?”

“ಪಕ್ಕದಿಂದ ನೋಡಿದ್ರೆ ಬೆಕ್ಕಿಗೆ ಎರಡೇ ಕಾಲು ಕಾಣೋದು ಅಂತ ಆ ಮಗುವಿಗೆ ಹೇಗೆ ಹೇಳೋದು?” ಎಂದು ಕೇಳುತ್ತಾಳೆ ಏಣಿ ಅಕ್ಕ. “ಅವಳು ಬೆಕ್ಕನ್ನ ಎತ್ಕೊಂಡಿದ್ದಾಳೆ. ನಾಲ್ಕು ಕಾಲೂ ಅವಳ ಕೈಗೆ ಸಿಕ್ಕಿವೆ. ಅವಳು ಹೇಳಿದ್ದೇ ಸರಿ. ನಾನು ಕಾಲೇಜಲ್ಲಿ ಕಲಿತದ್ದೆಲ್ಲ ದೂರ ನಿಂತು ನೋಡೋರಿಗೆ.”

ಈಗ ಅವಳ ಪುಸ್ತಕದ ಬೆಕ್ಕು ಅಂಗಾತ ಮಲಗಿದೆ. ನಾಲ್ಕು ಕಾಲು, ಬೆನ್ನಿಗಿಂತ ನುಣುಪಾದ ಹೊಟ್ಟೆ, ಒರಟು ನಾಲಗೆ. ನಾಲಗೆಗೆ ಉಪ್ಪುಕಾಗದದ ಚೂರು ಹಾಕುವಂತೆ ಸೂಚಿಸಿದ್ದೂ ಆ ಹುಡುಗಿಯೇ. ಅದೊಂದು ಪುಟ ಸರಿಹೋಗಲು ಹನ್ನೊಂದು ಸಲ ಬಿಚ್ಚಿ ಕಟ್ಟಬೇಕಾಯಿತು. ಚಿತ್ರದ ಕೆಳಗಿನ ಬ್ರೈಲ್ ಸಾಲುಗಳನ್ನು ಶಾಲೆಯ ಗ್ರಂಥಪಾಲಕಿ ಚುಚ್ಚಿಕೊಡುತ್ತಾರೆ. ಹುಟ್ಟಿನಿಂದಲೇ ದೃಷ್ಟಿ ಇಲ್ಲದ ಅವರು ಮಾತಿನಲ್ಲಿ ಬಲು ಖಡಕ್ಕು. “ಚೆನ್ನಾಗಿದೆ ಅಂತ ನನ್ನಿಂದ ಕೇಳ್ಬೇಡ. ಮಕ್ಕಳು ಎರಡನೇ ಸಲ ಕೇಳ್ತಾರಾ ನೋಡು” ಎಂಬುದು ಅವರ ಪಾಠ.

ಕಳೆದ ವರ್ಷ ಶಾಲೆ ಮೊದಲ ಬಾರಿಗೆ ಹನ್ನೆರಡು ಪುಸ್ತಕ ಕೇಳಿತು. ರಜೆ ಮುಗಿದು ಶಾಲೆ ತೆರೆಯುವ ದಿನಕ್ಕೆ ಕೊಡಬೇಕು. ಅದೇ ವಾರ ಅವಳಿಗೆ ಕಲಾ ಇತಿಹಾಸದ ಪರೀಕ್ಷೆ. ಬೋರ್ಡಿಗೂ ಅದು ಬಿಡುವಿಲ್ಲದ ಕಾಲ. ಎಲ್ಲವನ್ನೂ ಒಪ್ಪಿಕೊಂಡಳು. ಹನ್ನೆರಡನೆಯ ಪುಸ್ತಕ ಕೊಟ್ಟ ಮಾರನೆಯ ಬೆಳಗ್ಗೆ ಪರೀಕ್ಷೆಯ ಕೋಣೆಯಲ್ಲಿ ಕುಳಿತು ಮೊದಲ ಪ್ರಶ್ನೆಗೆ ಒಂದೂವರೆ ಪುಟ ಬರೆದಳು. ಆಮೇಲೆ ತಲೆಯೆತ್ತಿದಾಗ ಮೇಲ್ವಿಚಾರಕರು ಉತ್ತರಪತ್ರಿಕೆಗೆ ಕೈ ಚಾಚಿ ನಿಂತಿದ್ದರು. ಪಕ್ಕದ ಬೆಂಚುಗಳೆಲ್ಲ ಖಾಲಿಯಾಗಿದ್ದವು. ಬರೆದ ಸಾಲುಗಳ ಶಾಯಿ ಕೆನ್ನೆಯ ಮೇಲೆ ಉಲ್ಟಾ ಅಚ್ಚಾಗಿತ್ತು.

ಹತ್ತು ದಿನ ಕಳೆಯುವಷ್ಟರಲ್ಲಿ ಪುಸ್ತಕಗಳೂ ಹಿಂದಿರುಗಿ ಬಂದವು. ತೇವದ ಗಾಳಿಗೆ ಅಂಟು ಬಿಟ್ಟಿತ್ತು. ಒಂದು ಮಗು ಬೆಕ್ಕಿನ ಕಣ್ಣಿಗೆ ಹಾಕಿದ್ದ ಗುಂಡಿಯನ್ನು ಕಿತ್ತು ಬಾಯಿಗೆ ಹಾಕಿಕೊಂಡಿತ್ತು. ಆಯಾ ನೋಡಿ ತೆಗೆದದ್ದರಿಂದ ಏನೂ ಆಗಲಿಲ್ಲ. ಗ್ರಂಥಪಾಲಕಿ ಬೈಯಲಿಲ್ಲ. “ಇದನ್ನ ನಾನು ಕಪಾಟಲ್ಲಿ ಇಡಕ್ಕಾಗಲ್ಲಮ್ಮ” ಎಂದು ಚೀಲ ತಿರುಗಿ ಕೊಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಇವತ್ತಿಗೂ ಅನ್ನಿಸುತ್ತದೆ. ಕಾಲೇಜಿನಲ್ಲಿ ಮೇಷ್ಟ್ರು ಕರೆದು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವುದನ್ನು ಬಿಟ್ಟು ಯಾವುದಾದರೂ ಒಂದನ್ನು ನೆಟ್ಟಗೆ ಮಾಡೆಂದರು. ಅವಳು ತಲೆಯಾಡಿಸಿ ಬಂದು, ಗೋಡೆಗೆ ಮುಖ ಮಾಡಿ ಎರಡು ದಿನ ಮಲಗಿದಳು. ಏಣಿ ಬೀಗದಂಗಡಿಯ ಹಿಂದೆಯೇ ಇತ್ತು.

“ನಿದ್ದೆ ಬಂದಿದ್ರೆ ಅದೂ ಒಂದು ಲಾಭ ಅಂದ್ಕೋಬಹುದಿತ್ತು” ಎನ್ನುತ್ತಾಳೆ. “ಬರಲಿಲ್ಲ. ಆ ಗುಂಡಿ ಗಂಟಲಿಗೆ ಹೋಗಿದ್ರೆ ಅಂತಾನೇ ತಲೇಲಿ.”

ಮೂರನೆಯ ದಿನ ಬೆಳಗ್ಗೆ ಮಿಷನ್ನಿನ ಸದ್ದಿಗೆ ಎದ್ದು ನೋಡಿದರೆ, ಅಮ್ಮ ಆ ಚೀಲ ಬಿಚ್ಚಿಕೊಂಡು ಕುಳಿತಿದ್ದಾಳೆ. ಈ ಪುಸ್ತಕಗಳ ವಿಷಯ ಬಂದರೆ ಸದಾ ಗೊಣಗುತ್ತಿದ್ದ ಅಮ್ಮ. ಅವಳ ಕೈಯಲ್ಲಿ ದಪ್ಪ ಹತ್ತಿಬಟ್ಟೆಯ ತುಂಡು, ಅದರ ಮೇಲೆ ಬೆಕ್ಕಿನ ಅರ್ಧ ಮೈ.

“ಬಟ್ಟೆಗೆ ಯಾರಾದ್ರೂ ಗುಂಡಿ ಅಂಟಿಸ್ತಾರೇನೇ? ಹೊಲೀತಾರೆ. ಮನೇಲಿ ಹೊಲಿಯೋಳು ಒಬ್ಬಳಿದ್ದಾಳೆ, ಕೇಳೋಣ ಅಂತ ನಿನಗೆ ಅನ್ನಿಸಲಿಲ್ಲ.”

“ನಿನಗೆ ಇದು ಇಷ್ಟ ಇಲ್ಲ ಅಂತ...”

“ಇಷ್ಟ ಇಲ್ಲ. ನೀನು ಇಷ್ಟು ದಣಿಯೋದು ಇಷ್ಟ ಇಲ್ಲ. ಕಣ್ಣಿಗೆ ಗುಂಡಿ ಬೇಡ, ದಾರದಲ್ಲೇ ಗಂಟು ಹಾಕ್ತೀನಿ. ಎದ್ದು ಮುಖ ತೊಳ್ಕೋ.”

ಏಳು ವಾರದಲ್ಲಿ ಹನ್ನೆರಡೂ ಪುಸ್ತಕ ಬಟ್ಟೆಯದಾದವು. ಪ್ರತಿ ಚಿತ್ರದ ಸುತ್ತ ಎರಡು ಸಾಲು ಹೊಲಿಗೆ. ಬ್ರೈಲ್ ಪಟ್ಟಿಗಳನ್ನೂ ಪುಟಕ್ಕೆ ಸೇರಿಸಿ ಹೊಲಿದರು. ಶಾಲೆಗೆ ಕೊಡುವ ಮೊದಲು ಮಾವ ಒಂದೊಂದನ್ನೂ ಉಗುರಿನಿಂದ ಕಿತ್ತು, ಎಳೆದು, ಹಲ್ಲಿನಿಂದ ಕಚ್ಚಿ ಪರೀಕ್ಷೆ ಮಾಡಿದರು. “ನನ್ನ ಹಲ್ಲಿಗೆ ಬಗ್ಗದ್ದು ಮಕ್ಕಳ ಹಾಲುಹಲ್ಲಿಗೆ ಬಗ್ಗುತ್ತಾ” ಎಂಬುದು ಅವರ ತೀರ್ಪು. ಈಗ ಮೂರು ಶಾಲೆಗಳಲ್ಲಿ ಒಟ್ಟು ನಲವತ್ತೊಂದು ಪುಸ್ತಕಗಳಿವೆ. ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ಮಾಡುವುದಿಲ್ಲವೆಂದು ಅಮ್ಮ ಕಟ್ಟುನಿಟ್ಟು ಮಾಡಿದ್ದಾಳೆ.

ದಣಿವೇನೂ ಕಡಿಮೆಯಾಗಿಲ್ಲ. ಬಲ ಭುಜ ಏಣಿ ಹೊತ್ತು ಎಡ ಭುಜಕ್ಕಿಂತ ತುಸು ಇಳಿದಿದೆ. ಬಸ್ಸಿನಲ್ಲಿ ಮಲಗಿ ಕಾಲೇಜಿನ ನಿಲ್ದಾಣ ದಾಟಿ ಹೋಗುವುದು ವಾರಕ್ಕೊಮ್ಮೆಯಾದರೂ ಇದ್ದೇ ಇದೆ. ಕಂಡಕ್ಟರಿಗೆ ಈಗ ಅವಳ ಮುಖ ಪರಿಚಯ, ನಿಲ್ದಾಣ ಬಂದಾಗ ಸೀಟಿನ ಕಂಬಿ ತಟ್ಟುತ್ತಾರೆ. ಒಂದನ್ನಾದರೂ ಬಿಡಬಾರದೇ ಎಂದು ಕೇಳಿದರೆ ಅವಳು ಬೆರಳು ಮಡಚಿ ಎಣಿಸುತ್ತಾಳೆ.

“ಯಾವುದು ಅಂತ ನೀವೇ ಹೇಳಿ. ಬೋರ್ಡು ಬಿಟ್ರೆ ಮನೆ ನಡೆಯಲ್ಲ. ಓದು ಬೇಡ ಅಂದ್ರೆ ಅಮ್ಮನ ಎದುರು ನಿಲ್ಲಕ್ಕಾಗಲ್ಲ. ಪುಸ್ತಕ ಬಿಡಬಹುದು, ಯಾರೂ ಏನೂ ಅನ್ನಲ್ಲ. ಒಂದೆರಡು ಸಲ ಬಿಟ್ಟೂ ನೋಡಿದೆ. ಆ ಹುಡುಗಿ ಗೇಟಲ್ಲೇ ನಿಂತ್ಕೊಂಡು, ‘ಮುಂದಿನ ಪುಸ್ತಕದಲ್ಲಿ ಏನಿರುತ್ತೆ’ ಅಂತ ಕೇಳ್ತಾಳೆ. ಏನೂ ಇಲ್ಲ ಅನ್ನಕ್ಕೆ ಬಾಯಿ ಬರಲ್ಲ.”

ಕಲಾ ಇತಿಹಾಸದ ಪರೀಕ್ಷೆಯನ್ನು ಮತ್ತೆ ಕಟ್ಟಿದಳು. ಆ ವಾರವಿಡೀ ಅಮ್ಮ ಬ್ರಷ್ಷಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಫಲಿತಾಂಶ ಕಳೆದ ತಿಂಗಳು ಬಂತು. ಪಾಸಾಗಲು ನಲವತ್ತು ಬೇಕು, ಬಂದದ್ದು ನಲವತ್ತೆರಡು. ಮಾವ ಅಂಕ ಕೇಳಿ, “ಎರಡು ಜಾಸ್ತಿನೇ ಬಂದಿದೆಯಲ್ಲ, ಇನ್ನೊಂದು ತೂಕಡಿಕೆಗೆ ಜಾಗ ಇತ್ತು” ಎಂದು ನಕ್ಕರು. ಅಮ್ಮ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಸೂಜಿಗೆ ದಾರ ಪೋಣಿಸಿದಳು.

ಈಗ ಉಳಿದಿರುವುದು ಕೊನೆಯ ಪ್ರದರ್ಶನ. ಪ್ರತಿ ವಿದ್ಯಾರ್ಥಿಯೂ ತನ್ನ ಕೆಲಸಗಳಲ್ಲಿ ಒಂದನ್ನು ಮಾತ್ರ ಆರಿಸಿ ಇಡಬೇಕು. ಸಹಪಾಠಿಗಳೆಲ್ಲ ತಿಂಗಳ ಹಿಂದೆಯೇ ಆರಿಸಿದ್ದಾರೆ, ಚೌಕಟ್ಟು ಹಾಕಿಸಿದ್ದಾರೆ. ಇವಳು ಮಾತ್ರ ಮೇಷ್ಟ್ರು ಕೇಳಿದಾಗಲೆಲ್ಲ ನಾಳೆ ಹೇಳುತ್ತೇನೆಂದು ದಿನ ದೂಡುತ್ತಿದ್ದಾಳೆ.

ಇವತ್ತು ಕಾಲೇಜು ಬಿಟ್ಟ ಮೇಲೆ ಅಂಧ ಮಕ್ಕಳ ಶಾಲೆಯ ಜಗಲಿಯಲ್ಲಿ ಗ್ರಂಥಪಾಲಕಿ ಒಂದು ಪುಸ್ತಕ ತಂದು ಅವಳ ಕೈಗಿಡುತ್ತಾರೆ. ಅಂಚುಗಳು ಕಪ್ಪಾಗಿವೆ, ಮೂಲೆಗಳು ಮೆತ್ತಗಾಗಿವೆ. ಹೊಲಿಗೆ ಒಂದೂ ಬಿಟ್ಟಿಲ್ಲ. ನಾಲ್ಕನೆಯ ಪುಟದ ಕುರಿಮರಿಯ ಮೈಮೇಲೆ ಮಾತ್ರ ಒಂದೆಳೆ ಉಣ್ಣೆ ಇಲ್ಲ.

“ಕುರಿ ಪೂರ್ತಿ ಬೋಳಾಗಿದೆ. ಮಕ್ಕಳು ಉಜ್ಜಿ ಉಜ್ಜಿ ಮುಗಿಸಿದ್ದಾರೆ. ಸ್ವಲ್ಪ ಉಣ್ಣೆ ಹಾಕಿಕೊಡು” ಎನ್ನುತ್ತಾರೆ ಅವರು.

ಅವಳು ಪುಟವನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮೆಲ್ಲಗೆ ಓಡಿಸುತ್ತಾಳೆ. ಎಷ್ಟು ಹೊತ್ತಾದರೂ ತೆರೆಯದಿದ್ದುದರಿಂದ ನಿದ್ದೆ ಹೋದಳೋ ಎಂಬ ಅನುಮಾನ ಬರುತ್ತದೆ. ಆದರೆ ಬೆರಳು ಓಡುತ್ತಲೇ ಇದೆ.

“ಹೊಸ ಕುರಿ ಮಾಡಿಕೊಡ್ತೀನಿ ಮೇಡಂ. ಇದು ನನಗಿರಲಿ.”

“ಬೋಳು ಕುರಿ ಯಾಕೆ ನಿನಗೆ?”

“ಪ್ರದರ್ಶನಕ್ಕೆ ಒಂದು ಇಡಬೇಕಿತ್ತು” ಎನ್ನುತ್ತಾಳೆ. “ಯಾವುದಿಡೋದು ಅಂತ ಇಷ್ಟು ದಿನ ಗೊತ್ತಾಗ್ತಿರಲಿಲ್ಲ.”