ಎಂಟು ಪವನಿಗೆ ಎಂಟು ಪವನು

ನಿವೃತ್ತಿಯ ಪಿ.ಎಫ್. ಹಣ ಕೈಗೆ ಬಂದ ವಾರವೇ ನಾನು ಅದನ್ನೆಲ್ಲ ಚಿನ್ನ ಮಾಡಿಬಿಟ್ಟೆ. ನನ್ನದು ಪಿಂಚಣಿಯಿಲ್ಲದ ಖಾಸಗಿ ಕಂಪನಿ. ಮುಪ್ಪಿಗೆ ಇದ್ದದ್ದು ಅದೊಂದೇ. ಡೊಂಬಿವಲಿ ಸ್ಟೇಷನ್ ಹತ್ತಿರದ ಅಂಗಡಿಯವನು ಬಳೆ, ನೆಕ್ಲೇಸು ಎಂದು ತಟ್ಟೆ ಮೇಲೆ ತಟ್ಟೆ ತಂದಿಟ್ಟ. ನಾನು ಚಿನ್ನದ ಬಿಸ್ಕತ್ತೇ ಬೇಕೆಂದೆ. ನಮ್ಮ ಉಡುಪಿ ಕಡೆಯ ಮನೆಗಳಲ್ಲಿ ಒಡವೆ ಇದ್ದರೆ ಯಾರದೋ ಮದುವೆಗೆ ಒಂದು ದಿನ ಹಾಕಿಕೊಳ್ಳಲು ಕೇಳುತ್ತಾರೆ, ಇಲ್ಲ ಎನ್ನುವಂತಿಲ್ಲ. ಬಿಸ್ಕತ್ತನ್ನು ಯಾರೂ ಕುತ್ತಿಗೆಗೆ ಕಟ್ಟಿಕೊಳ್ಳುವುದಿಲ್ಲ.

"ಎಫ್.ಡಿ. ಇಟ್ಟಿದ್ದರೆ ತಿಂಗಳು ತಿಂಗಳು ಬಡ್ಡಿಯಾದರೂ ಬರ್ತಿತ್ತು," ಎಂದರು ನನ್ನ ಗಂಡ.

"ಎಫ್.ಡಿ. ಮುರಿಲಿಕ್ಕೆ ಒಂದು ಸಹಿ ಸಾಕು. ನಿಮ್ಮ ಅಣ್ಣ ಒಂದು ಚಾ ಕುಡಿಯುವುದರೊಳಗೆ ಹಾಕಿಸಿಕೊಂಡು ಹೋಗ್ತಾರೆ."

ಅವರು ಪೇಪರ್ ಬಿಡಿಸಿದರು.

ಅವರ ಅಣ್ಣ, ಅಂದರೆ ನನ್ನ ಬಾವ, ಇಪ್ಪತ್ತು ವರ್ಷದ ಹಿಂದೆ ಪಕ್ಕದ ಊರು ಕಲ್ಯಾಣದಲ್ಲಿ ಹೋಟೆಲು ಹಾಕುವಾಗ ನನ್ನ ನಾಲ್ಕು ಬಳೆ ಕೇಳಿದ್ದರು. ಎಂಟು ಪವನು, ಅಂದರೆ ಅರವತ್ತನಾಲ್ಕು ಗ್ರಾಂ. ಅಮ್ಮ ತನ್ನ ಸರ ಕರಗಿಸಿ ಮಾಡಿಸಿಕೊಟ್ಟದ್ದು. "ಒಂದೇ ವರ್ಷ, ಮಾರಾಯ್ತಿ" ಎಂದಿದ್ದರು. ಹತ್ತು ವರ್ಷ ಬಿಟ್ಟು ಒಂದು ಲಕೋಟೆ ತಂದುಕೊಟ್ಟರು. ಒಳಗಿದ್ದದ್ದು ಬಳೆ ಮಾರಿದ ದಿನದ ಬೆಲೆ, ಪೈಸೆ ಹೆಚ್ಚಿಲ್ಲ. ಅಷ್ಟರಲ್ಲಿ ಚಿನ್ನ ಎಲ್ಲಿಗೋ ಏರಿತ್ತು. ಆ ಹಣಕ್ಕೆ ಒಂದು ಬಳೆಯೂ ಬರುತ್ತಿರಲಿಲ್ಲ. ಮಗ ಎಂಥ ಪ್ರಾಮಾಣಿಕ ಎಂದು ಹಿಗ್ಗಿ ಅತ್ತೆ ನನ್ನಿಂದಲೇ ಪಾಯಸ ಮಾಡಿಸಿದರು. ನಾನು ಬಡಿಸಿದೆ. ಬಾವ ಎರಡನೆಯ ಸಲವೂ ಹಾಕಿಸಿಕೊಂಡರು.

ಆ ಸಿಟ್ಟು ಆರಲು ನಾನು ಬಿಡಲೇ ಇಲ್ಲ. ಥಾಣೆಯ ಆಫೀಸಿಗೆ ಹೋಗುವ ಲೋಕಲ್‌ನಲ್ಲಿ ನೂಕುನುಗ್ಗಲಿನ ನಡುವೆ ಒಂಟಿ ಕಾಲಲ್ಲಿ ನಿಂತು, ಅವರಿಗೆ ಹೇಳಬೇಕಾದ ಮಾತನ್ನು ಅದೆಷ್ಟು ಸಲ ತಿದ್ದಿ ತೀಡಿಕೊಂಡೆನೋ.

ನಿವೃತ್ತಿಯ ಸುದ್ದಿ ಕಲ್ಯಾಣಕ್ಕೆ ಮುಟ್ಟಿ ತಿಂಗಳಾಗಿರಲಿಲ್ಲ, ಬಾವ ಹೆಂಡತಿಯನ್ನು ಕರೆದುಕೊಂಡು ಬಂದೇ ಬಂದರು. ನಾವೆಲ್ಲ ಮನೆಯಲ್ಲಿ ತುಳು ಮಾತಾಡುವವರು. ದುಡ್ಡಿನ ವಿಷಯ ಬಂದರೆ ಮಾತ್ರ ಬಾವ ಕನ್ನಡಕ್ಕೆ ಹೊರಳುತ್ತಾರೆ. ಅಂದು ಚಪ್ಪಲಿ ಬಿಡುವಾಗಲೇ ಕನ್ನಡ ಶುರುವಾಗಿತ್ತು.

"ಮಗ ಖಾರಘರದಲ್ಲಿ ಹೋಟೆಲು ಹಾಕ್ತಾ ಇದ್ದಾನೆ. ನಿನ್ನ ಪಿ.ಎಫ್. ಸುಮ್ಮನೆ ಬ್ಯಾಂಕಲ್ಲಿ ಬಿದ್ದುಂಟಲ್ಲ. ಒಂದು ವರ್ಷದ ಮಟ್ಟಿಗೆ..."

"ದುಡ್ಡಿಲ್ಲ ಬಾವ, ಎಲ್ಲ ಚಿನ್ನವಾಯಿತು. ಬೇಕಾದರೆ ಎಂಟು ಪವನು ಕೊಡ್ತೇನೆ."

ಅವರ ಮುಖ ಅರಳಿತು. ಪೂರ್ತಿ ಅರಳಲಿ ಎಂದು ನಾನು ಕಾದೆ.

"ವರ್ಷ ಬಿಟ್ಟು ನೀವು ಎಂಟು ಪವನೇ ಕೊಡಬೇಕು. ದುಡ್ಡು ಬೇಡ, ತೂಕ. ಬರೆದು ಸಹಿ ಹಾಕಿ."

ಬಾವ ನಕ್ಕರು. ನಾನು ನಗದಿದ್ದದ್ದು ನೋಡಿ ತಮ್ಮನ ಕಡೆ ತಿರುಗಿದರು. ತಮ್ಮ ಚಾದ ಕೆನೆ ತೆಗೆಯುತ್ತ ಕೂತಿದ್ದರು.

"ಅಷ್ಟರಲ್ಲಿ ಚಿನ್ನ ಏರಿದರೆ ನಾನು ಎಲ್ಲಿಂದ ತರಲಿ?"

"ನನಗೂ ಏರಿತ್ತು ಬಾವ."

ಇಷ್ಟೇ. ಲೋಕಲ್‌ನಲ್ಲಿ ಕಟ್ಟಿಕೊಂಡಿದ್ದ ದೊಡ್ಡ ದೊಡ್ಡ ಮಾತು ಒಂದೂ ಬೇಕಾಗಲಿಲ್ಲ. ಅವರ ಕಿವಿ ಕೆಂಪಾದದ್ದನ್ನು ನಾನು ಕಣ್ತುಂಬ ನೋಡಿದೆ. ಸುಳ್ಳೇಕೆ, ನನಗೆ ಬಹಳ ಖುಷಿಯಾಯಿತು. ಹೆಂಡತಿಯ ಎದುರೇ ಆಗಲಿ ಎಂದೇ ನಾನು ಮಾತು ತಗ್ಗಿಸಿರಲಿಲ್ಲ. ಆಕೆಯೂ ನನ್ನ ಬಳೆಯ ಅನ್ನ ಉಂಡವಳೇ ಎಂಬ ಲೆಕ್ಕ ನನ್ನದು. ಬಾವ ಅರ್ಧ ಚಾ ಬಿಟ್ಟು ಎದ್ದರು.

ಐದು ನಿಮಿಷಕ್ಕೆ ಬೆಲ್ ಆಯಿತು. ಬಾಗಿಲಲ್ಲಿ ಅಕ್ಕ, ಬಾವನ ಹೆಂಡತಿ, ಒಬ್ಬರೇ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು.

"ಅವರು ಕೆಳಗೆ ರಿಕ್ಷಾ ನಿಲ್ಲಿಸ್ತಾ ಇದ್ದಾರೆ. ಕೊಡೆ ಬಿಟ್ಟು ಬಂದೆ ಅಂತ ಸುಳ್ಳು ಹೇಳಿ ಬಂದೆ."

ಬೈಯಲು ಬಂದರೆಂದುಕೊಂಡು ನಾನೂ ಸಜ್ಜಾದೆ. ಅವರು ನನ್ನ ಮೊಣಕೈ ಹಿಡಿದರು.

"ನನ್ನದು ಹನ್ನೆರಡು ಪವನು ಮಾರಾಯ್ತಿ, ನಿನ್ನದಕ್ಕಿಂತ ಮೊದಲೇ ಹೋದದ್ದು. ನನಗೆ ದುಡ್ಡೂ ಬರಲಿಲ್ಲ. ಆ ತೂಕದ ಮಾತು ನೀನು ಹೇಗೆ ಹೇಳಿದೆ? ಇನ್ನೊಮ್ಮೆ ಹೇಳು, ಮನೆಗೆ ಹೋಗಿ ನಾನೂ ಕೇಳಬೇಕು."

ನಾನು ಬಿಡಿಬಿಡಿಯಾಗಿ ಹೇಳಿಕೊಟ್ಟೆ. ಅವರು ಎರಡು ಸಲ ಹೇಳಿ ನೋಡಿದರು. ಮೂರನೆಯ ಸಲಕ್ಕೆ ದನಿ ನಡುಗಲಿಲ್ಲ.