ಫ್ಯೂಜಿಗೆ ಸುತ್ತಿದ ಬೆಳ್ಳಿ ಹಾಳೆ

ಮದಾರಸಾಬ ಸರಕಾಗಿದ್ದರೆ ಬೆಲ್ಲದ ವ್ಯಾಪಾರಿ ಬಸಯ್ಯ ಮುಟ್ಟಿಯೂ ನೋಡುತ್ತಿರಲಿಲ್ಲ. ಮೈಯಲ್ಲಿ ತೂಕವಿಲ್ಲ, ಬಾಯಲ್ಲಿ ಮಾತಿಲ್ಲ, ಮೇಲಾಗಿ ಪುಕ್ಕಲು. ಖಾನಾಪುರ ಬಸ್ ನಿಲ್ದಾಣದ ಹತ್ತಿರ ಅವನ ಕಾರು ರಿಪೇರಿಯ ಅಂಗಡಿ. ಗಿರಾಕಿ ಬೀಡಿ ಹಚ್ಚಿದರೆ ರಸ್ತೆ ದಾಟಿಸಿಯೇ ಮಾತಾಡಿಸುತ್ತಿದ್ದ.

೧೯೭೬ರ ಬೇಸಿಗೆ. ಲೋಂಡಾದಿಂದ ಬೆಳಗಾವಿಗೆ ಹೊರಟಿದ್ದ ಬಸಯ್ಯನ ಹಳೆಯ ವಿಲಾಯಿತಿ ಕಾರು ಆ ಅಂಗಡಿಯ ಮುಂದೆಯೇ ಕೆಮ್ಮಿ ನಿಂತಿತು. ಹಿಂದಿನ ಸೀಟಿನಲ್ಲಿ ಮೊಣಕಾಲು ನೋವಿನ ತಾಯಿ ಶಿವಲಿಂಗವ್ವ. ಹಿಂದಿನ ಬಾಗಿಲುಗಳ ಚಿಲಕ ಕೆಟ್ಟು, ಬಸಯ್ಯ ಎರಡಕ್ಕೂ ಹಗ್ಗ ಬಿಗಿದಿದ್ದ.

ಆ ಕಾರಿಗೆ ಪೆಟ್ರೋಲು ಎಳೆಯುವ ಪಂಪು ಕರೆಂಟಿನದು. ಚಾವಿ ತಿರುವಿದರೆ ಟಕ್ ಟಕ್ ಎನ್ನಬೇಕು. ಈಗ ಉಸಿರೇ ಇಲ್ಲ.

“ಚಾವಿ ಬಂದ್ ಮಾಡ್ರಿ. ಮೊದ್ಲ ಅವ್ವಾರನ್ನ ಇಳಸ್ರಿ,” ಎಂದ ಮದಾರಸಾಬ.

“ಪಂಪ್ ನೋಡ್ರಿ ಸಾಬ್ರ. ಅಂಜಾಕ ಆಮ್ಯಾಲೆ ಟೈಮ್ ಐತಿ.”

“ಫ್ಯೂಜ್ ಯಾರರ ಮುಟ್ಯಾರೇನ್ರಿ?”

“ಯಾರೂ ಇಲ್ಲ.”

ಬೆಳಿಗ್ಗೆ ಫ್ಯೂಜು ಎರಡು ಸಲ ಸುಟ್ಟುಹೋಗಿತ್ತು. ಮತ್ತೆ ಸುಡದಿರಲೆಂದು ಸಿಗರೇಟು ಪಾಕೀಟಿನ ಬೆಳ್ಳಿ ಹಾಳೆಯನ್ನು ಅದಕ್ಕೆ ಸುತ್ತಿದವನು ಬಸಯ್ಯನೇ. ತಾಯಿಯ ಮುಂದೆ ಜಾಣತನ ಬೇರೆ ಕೊಚ್ಚಿಕೊಂಡಿದ್ದ.

ಬಾನೆಟ್ ಎತ್ತಿದ ಮದಾರಸಾಬ ಬಗ್ಗಿದವನು ಬಗ್ಗಿದಂತೆಯೇ ನಿಂತ.

“ತಿರುವಿ ನೋಡೋ ಒಮ್ಮೆ, ಜಳ ತಡ್ಯಾಕ ಆಗವಲ್ಲದು,” ಎಂದರು ಶಿವಲಿಂಗವ್ವ. ಬಸಯ್ಯನ ಬೆರಳು ಚಾವಿಯ ಮೇಲಿತ್ತು.

“ಬಸಯ್ಯನವರ,” ಮದಾರಸಾಬನ ದನಿ ತೀರ ಸಣ್ಣದಾಗಿತ್ತು, “ಪೆಟ್ರೋಲ್ ಸೋರಾಕತ್ತೈತಿ. ಬಾಜೂನ ವೈರ್ ಸುಟ್ಟು ತಂತಿ ಹೊರಗ ಬಿದ್ದೈತಿ. ಫ್ಯೂಜ್ ನೆಟ್ಟಗಿದ್ರ ವೈರ್ ಹಿಂಗ ಸುಡೂದಿಲ್ಲ. ಹೊಳ್ಳಿ ಚಾವಿ ತಿರುವಿದ್ರ ಕಿಡಿ ಇಲ್ಲೇ ಬೀಳತೈತಿ.”

ಬಸಯ್ಯ ಹಿಂತಿರುಗಿ ನೋಡಿದ. ಹಿಂದೆ ತಾಯಿ, ಎರಡೂ ಕಡೆ ತಾನೇ ಕಟ್ಟಿದ ಹಗ್ಗ. ಚಾವಿಯ ಮೇಲಿಂದ ಬೆರಳು ತೆಗೆದ.

“ಫ್ಯೂಜಿಗೆ ಬೆಳ್ಳಿ ಹಾಳಿ... ನಾನ ಸುತ್ತಿದ್ದೆನ್ರಿ,” ಎಂದ ತಾಯಿಗೆ ಕೇಳಿಸದಂತೆ.

ಮದಾರಸಾಬ ಬೈಯಲಿಲ್ಲ. ಚಾವಿ ಹಿರಿದು ಕಿಸೆಗಿಟ್ಟು ಚಾಕು ತಂದ. ಹಗ್ಗ ಮೂರನೆಯ ಸಲಕ್ಕೆ ತುಂಡಾಯಿತು. ಇಬ್ಬರೂ ಮುದುಕಿಯನ್ನು ಎತ್ತಿ ರಸ್ತೆಯಾಚೆಯ ನೆರಳಿನಲ್ಲಿ ಕೂರಿಸಿದರು. ಆಮೇಲೆ ಬ್ಯಾಟರಿಯ ತಂತಿ ಬಿಚ್ಚಿ, ಸೋರಿಕೆ ನಿಲ್ಲಿಸಿ, ಹೊಸ ವೈರು, ಹೊಸ ಫ್ಯೂಜು ಹಾಕಿ, ಪೆಟ್ರೋಲಿನ ವಾಸನೆ ಹೋಗುವವರೆಗೆ ಮದಾರಸಾಬ ಗಾಳಿಗೆ ಕಾದ. ಬಸಯ್ಯ ಅವಸರ ಮಾಡಲಿಲ್ಲ. ಕೊನೆಗೆ ಅವನನ್ನೂ ದೂರ ಕಳಿಸಿ, ಮದಾರಸಾಬ ತಾನೊಬ್ಬನೇ ಒಳಗೆ ಕೂತು, ಕಣ್ಣು ಮುಚ್ಚಿ ಚಾವಿ ತಿರುವಿದ.

ಟಕ್ ಟಕ್ ಟಕ್.

“ಏನಾಗಿತ್ತೋ ತಮ್ಮಾ?” ಎಂದು ಕೇಳಿದರು ಶಿವಲಿಂಗವ್ವ.

“ವೈರ್‌ಗೆ ವಯಸ್ಸಾಗಿತ್ರಿ ಅವ್ವಾರ,” ಎಂದ ಮದಾರಸಾಬ.

“ನನ್ನಂಗ ಅನ್ನು!” ಎಂದು ಅವರು ನಕ್ಕರು. ಬಸಯ್ಯನಿಗೆ ನಗು ಬರಲಿಲ್ಲ.

ಬೆಳ್ಳಿ ಹಾಳೆಯ ಮಾತನ್ನು ಮದಾರಸಾಬ ಯಾರಿಗೂ ಹೇಳಲಿಲ್ಲ. ವೈರು ಸುಟ್ಟದ್ದು ಆ ಹಾಳೆಯಿಂದಲೇ ಎಂದು ಬಸಯ್ಯನೂ ತಾಯಿಗೆ ಹೇಳಲಿಲ್ಲ. ಶಿವಲಿಂಗವ್ವ ಇನ್ನೂ ಎಂಟು ವರ್ಷ ಬದುಕಿದರು. ಆ ಎಂಟು ವರ್ಷಗಳಿಗಾಗಿ ಬಸಯ್ಯ ಮದಾರಸಾಬನಿಗೆ ಋಣಿ.